ಎರಡು ರಾತ್ರಿಯ ಅತಿಥಿಗಳು ಮತ್ತು ಪ್ರಾಗ್ ನಗರದ ಸಂಕಟ

ಶುಕ್ರವಾರ ಸಂಜೆ ಕಚೇರಿ ಮುಗಿಸಿ ವಿಮಾನ ಏರುವುದು, ಶನಿವಾರವಿಡೀ ನಾಲ್ಕೈದು ಮಂದಿ ಗೆಳೆಯರೊಂದಿಗೆ ಊರು ಸುತ್ತುವುದು, ಭಾನುವಾರ ರಾತ್ರಿ ಮನೆ ಸೇರುವುದು. ಯುರೋಪಿನ ಯುವಜನರಿಗೆ ಈ ಬಗೆಯ ವಿಹಾರ ರೂಢಿಯಾಗಿ ಎರಡು ದಶಕಗಳೇ ಕಳೆದಿವೆ. ಅದಕ್ಕೆ ಹೇಳಿ ಮಾಡಿಸಿದಂತಿರುವ ನಗರಗಳ ಪೈಕಿ ಝೆಕ್ ಗಣರಾಜ್ಯದ ರಾಜಧಾನಿ ಪ್ರಾಗ್ ಮುಂಚೂಣಿಯಲ್ಲಿದೆ. ನಡೆದೇ ನೋಡಬಹುದಾದ ಹಳೆಯ ಪಟ್ಟಣ, 1357ರಲ್ಲಿ ಅಡಿಪಾಯ ಹಾಕಿದ ಚಾರ್ಲ್ಸ್ ಸೇತುವೆ, ಗುಡ್ಡದ ಮೇಲಿನ ಕೋಟೆ, ಪಶ್ಚಿಮ ಯುರೋಪಿಗಿಂತ ಅಗ್ಗದ ಬಿಯರ್. ಎರಡು ದಿನಕ್ಕೆ ಇನ್ನೇನು ಬೇಕು?

ಅದೇ ಪ್ರಾಗ್ 2024ರ ಅಕ್ಟೋಬರ್‌ನಲ್ಲಿ ತನ್ನ ಅತಿಥಿಗಳಿಗೆ ಒಂದು ಕಟ್ಟುಪಾಡು ವಿಧಿಸಿತು. ಮಾರ್ಗದರ್ಶಿಯೊಬ್ಬನ ಹಿಂದೆ ಗುಂಪುಗೂಡಿ ಪಬ್‌ನಿಂದ ಪಬ್‌ಗೆ ಅಲೆಯುವ ‘ಪಬ್ ಕ್ರಾಲ್’ಗಳನ್ನು ರಾತ್ರಿ 10ರಿಂದ ಬೆಳಗಿನ 6 ಗಂಟೆಯವರೆಗೆ ನಡೆಸಕೂಡದೆಂದು ನಗರಾಡಳಿತ ತೀರ್ಮಾನಿಸಿತು. ಕುಡಿದು ತೂರಾಡಲೆಂದೇ ಬರುವವರಿಗಿಂತ ಹೆಚ್ಚು ಸುಸಂಸ್ಕೃತ ಹಾಗೂ ಹೆಚ್ಚು ಹಣವಂತ ಪ್ರವಾಸಿಗರು ತಮಗೆ ಬೇಕೆಂಬ ಧಾಟಿಯಲ್ಲಿ ಅಂದಿನ ಉಪಮೇಯರ್ ಇದನ್ನು ಸಮರ್ಥಿಸಿಕೊಂಡರು.

ನಿದ್ದೆಗೆಟ್ಟ ನಿವಾಸಿಗಳಿಗೆ ಈ ಕ್ರಮ ಸಮಾಧಾನ ತಂದಿದ್ದರೆ ಅಚ್ಚರಿಯಿಲ್ಲ. ಆದರೆ ಪ್ರಾಗ್‌ನ ಕಾಯಿಲೆಗೆ ಇದೇ ಮದ್ದೇ ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ.

ಬಾಗಿಲು ತೆರೆದ ಬಗೆ

ಪ್ರಾಗ್‌ಗೆ ಜನ ಹರಿದುಬಂದದ್ದು ಆಕಸ್ಮಿಕವಲ್ಲ. 1948ರಿಂದ 1989ರವರೆಗೆ ಝೆಕೊಸ್ಲೊವಾಕಿಯಾ ಕಮ್ಯುನಿಸ್ಟ್ ಆಳ್ವಿಕೆಯಲ್ಲಿತ್ತು. ಪಶ್ಚಿಮದ ದೇಶಕ್ಕೆ ಹೋಗಿಬರಲು ಅಲ್ಲಿನ ಪ್ರಜೆ ಸರ್ಕಾರದ ಅನುಮತಿಗಾಗಿ ಕೈಕಟ್ಟಿ ನಿಲ್ಲಬೇಕಿತ್ತು. 1989ರ ನವೆಂಬರ್ 17ರಂದು ವಿದ್ಯಾರ್ಥಿಗಳ ಮೆರವಣಿಗೆಯಿಂದ ಆರಂಭವಾದ ‘ವೆಲ್ವೆಟ್ ಕ್ರಾಂತಿ’ ಆ ಆಳ್ವಿಕೆಗೆ ತೆರೆ ಎಳೆಯಿತು. ಗಡಿ ತೆರೆಯಿತು, ಹೊರಗಿನವರೂ ಬಂದರು. 1992ರಲ್ಲಿ ಪ್ರಾಗ್‌ನ ಐತಿಹಾಸಿಕ ಕೇಂದ್ರ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು.

ಇತ್ತ ಯುರೋಪಿಯನ್ ಒಕ್ಕೂಟ ತನ್ನ ಆಕಾಶವನ್ನು ಹಂತಹಂತವಾಗಿ ಮುಕ್ತಗೊಳಿಸಿತು. ಒಕ್ಕೂಟದ ಯಾವುದೇ ವಿಮಾನ ಸಂಸ್ಥೆ ಅದರ ಯಾವುದೇ ಮಾರ್ಗದಲ್ಲಿ ಹಾರಬಹುದೆಂಬ ಸ್ಥಿತಿ 1997ರಲ್ಲಿ ಪೂರ್ಣವಾಗಿ ಜಾರಿಗೆ ಬಂತು. ಅಗ್ಗದ ವಿಮಾನಗಳ ಯುಗ ಬೇರೂರಿತು. 2004ರ ಮೇ 1ರಂದು ಝೆಕ್ ಗಣರಾಜ್ಯ ಒಕ್ಕೂಟದ ಸದಸ್ಯತ್ವ ಪಡೆಯಿತು. 2007ರ ಡಿಸೆಂಬರ್‌ನಲ್ಲಿ ಷೆಂಗೆನ್ ವಲಯಕ್ಕೆ ಸೇರಿ ನೆರೆರಾಷ್ಟ್ರಗಳ ಗಡಿ ತಪಾಸಣೆಯೂ ಇಲ್ಲವಾಯಿತು. ಮದುವೆಗೆ ಮುನ್ನ ವರನ ಗೆಳೆಯರು ನಡೆಸುವ ಮೋಜಿನ ಕೂಟಕ್ಕೆ ಬ್ರಿಟನ್ನಿನ ಯುವಕರು ಪ್ರಾಗ್‌ನ ಹಾದಿ ಹಿಡಿದದ್ದು ಈ ಹಿನ್ನೆಲೆಯಲ್ಲಿ. ಕೊರೊನಾ ಪೂರ್ವದ 2019ರಲ್ಲಿ, ಸುಮಾರು 13 ಲಕ್ಷ ಜನಸಂಖ್ಯೆಯ ಈ ನಗರದಲ್ಲಿ ತಂಗಿದ ಪ್ರವಾಸಿಗರ ಸಂಖ್ಯೆ ಸುಮಾರು 80 ಲಕ್ಷ!

ಒಂದೇ ಹಾದಿ, ಒಂದೇ ನೂಕುನುಗ್ಗಲು

ಸಂಖ್ಯೆಗಿಂತ ದೊಡ್ಡ ತೊಡಕು ಅವಧಿಯದು. ಸರಾಸರಿ ಪ್ರವಾಸಿ ಇಲ್ಲಿ ಕಳೆಯುವುದು ಎರಡು-ಮೂರು ರಾತ್ರಿ ಮಾತ್ರ. ಅಷ್ಟು ಸಮಯದಲ್ಲಿ ಎಲ್ಲರೂ ತುಳಿಯುವುದು ಒಂದೇ ಹಾದಿ. ಪೌಡರ್ ಗೇಟ್‌ನಿಂದ ಹೊರಟು, 1410ರಷ್ಟು ಹಿಂದಿನ ಖಗೋಳ ಗಡಿಯಾರವಿರುವ ಹಳೆಯ ಪಟ್ಟಣದ ಚೌಕವನ್ನು ಹಾದು, ಕಾರ್ಲೊವಾ ಬೀದಿಯಲ್ಲಿ ಇಳಿದು, ಸೇತುವೆ ದಾಟಿ, ನೆರುಡೊವಾ ಬೀದಿಯ ಏರು ಹತ್ತಿ ಕೋಟೆ ತಲಪುವುದು. ಬೊಹೀಮಿಯಾದ ಅರಸರ ಪಟ್ಟಾಭಿಷೇಕದ ಮೆರವಣಿಗೆ ಸಾಗುತ್ತಿದ್ದ ‘ರಾಜಮಾರ್ಗ’ ಇದೇ. ಈಗ ಅಲ್ಲಿ ನಿತ್ಯವೂ ಮೆರವಣಿಗೆ.

ಆ ಹಾದಿಯ ಅಂಗಡಿಗಳನ್ನು ಗಮನಿಸಿದರೆ ಎರಡು ದಿನದ ಅತಿಥಿಯನ್ನು ನಂಬಿದ ವ್ಯಾಪಾರ ಹೇಗಿರುತ್ತದೆಂಬುದು ತಿಳಿಯುತ್ತದೆ. ಕೋಲಿಗೆ ಸುತ್ತಿ ಸುಡುವ ‘ತ್ರ್ದೆಲ್ನಿಕ್’ ಎಂಬ ಸಿಹಿ ತಿನಿಸನ್ನು ಪ್ರಾಚೀನ ಝೆಕ್ ಖಾದ್ಯವೆಂದು ಮಾರಲಾಗುತ್ತದೆ. ಅದಕ್ಕೂ ಪ್ರಾಗ್‌ನ ಪರಂಪರೆಗೂ ಸಂಬಂಧ ಕಡಿಮೆ. ಅದರ ಹೆಸರಾಂತ ತವರು ಸ್ಲೊವಾಕಿಯಾದ ಸ್ಕಾಲಿತ್ಸಾ ಪಟ್ಟಣ. ರಷ್ಯಾದ ಮರದ ಗೊಂಬೆಗಳೂ ಪ್ರಾಗ್‌ನ ನೆನಪಿನ ಕಾಣಿಕೆಗಳಾಗಿ ಬಿಕರಿಯಾಗಿವೆ. ಮತ್ತೆ ಬಾರದ ಗಿರಾಕಿಗೆ ಸತ್ಯ ಹೇಳುವ ಒತ್ತಡ ಯಾರಿಗಿದೆ? ಹಣ ವಿನಿಮಯದ ಮಳಿಗೆಗಳ ಮೋಸ ಅತಿಯಾದಾಗ ಕಾನೂನೇ ಬೇಕಾಯಿತು. 1,000 ಯೂರೊ ಮೀರದ ವಿನಿಮಯವನ್ನು ಮೂರು ಗಂಟೆಯೊಳಗೆ ರದ್ದುಪಡಿಸಿಕೊಳ್ಳುವ ಹಕ್ಕನ್ನು 2019ರ ಏಪ್ರಿಲ್‌ನಿಂದ ಗ್ರಾಹಕನಿಗೆ ನೀಡಲಾಯಿತು.

ಗದ್ದಲ ಕಾಣುತ್ತದೆ, ಮನೆ ಕಾಣುವುದಿಲ್ಲ

ಪಬ್‌ಗಳ ಬೀದಿಯೆಂದೇ ಹೆಸರಾದ ಡ್ಲೌಹಾದಲ್ಲಿ ಮಧ್ಯರಾತ್ರಿಯ ಕೂಗಾಟ ಎಲ್ಲರಿಗೂ ಕೇಳಿಸುತ್ತದೆ. ಆದರೆ ಅದೇ ಬೀದಿಯ ಮೇಲಂತಸ್ತಿನ ಮನೆಯೊಂದು ಸದ್ದಿಲ್ಲದೆ ಪ್ರವಾಸಿಗರ ವಸತಿಯಾಗಿ ಮಾರ್ಪಡುವುದು ಯಾರಿಗೂ ಕೇಳಿಸುವುದಿಲ್ಲ. ತಿಂಗಳ ಬಾಡಿಗೆಗಿಂತ ದಿನದ ಬಾಡಿಗೆಯಲ್ಲಿ ಲಾಭ ಹೆಚ್ಚೆಂದ ಮೇಲೆ ಮನೆಯೊಡೆಯ ಸಂಸಾರಸ್ಥರನ್ನು ಏಕೆ ಆರಿಸಿಕೊಂಡಾನು? ನೆರೆಹೊರೆ ಖಾಲಿಯಾದಂತೆ ದಿನಸಿ ಅಂಗಡಿಯ ಜಾಗದಲ್ಲಿ ಕಾಣಿಕೆ ವಸ್ತುಗಳ ಮಳಿಗೆ ತಲೆ ಎತ್ತುತ್ತದೆ.

ಹಾಗೆಂದು ಎಲ್ಲ ಹೊಣೆಯನ್ನೂ ಪ್ರವಾಸಿಗರ ತಲೆಗೆ ಕಟ್ಟುವುದು ನ್ಯಾಯವಲ್ಲ. ಸರಾಸರಿ ಗಳಿಕೆಗೆ ಹೋಲಿಸಿದರೆ ಮನೆ ಕೊಳ್ಳುವುದು ಅತಿ ದುಬಾರಿಯಾದ ಯುರೋಪಿನ ನಗರಗಳಲ್ಲಿ ಪ್ರಾಗ್ ಒಂದು. ಕಟ್ಟಡ ಪರವಾನಗಿಯ ಆಮೆ ನಡಿಗೆ, ಹೊಸ ಮನೆಗಳ ಕೊರತೆ ಇದಕ್ಕೆ ಮುಖ್ಯ ಕಾರಣಗಳು. ಅಲ್ಪಾವಧಿ ಬಾಡಿಗೆ ಆ ಉರಿಗೆ ತುಪ್ಪ ಸುರಿಯಿತು ಎನ್ನಬಹುದು, ಉರಿ ಹಚ್ಚಿತು ಎನ್ನಲಾಗದು.

ಕಡಿವಾಣದ ವಿಷಯದಲ್ಲಿ ನಗರದ ಕೈ ಕಟ್ಟಿತ್ತೆಂಬುದೂ ಗಮನಾರ್ಹ. 2022ರಲ್ಲಿ ಪ್ರಾಗ್ ವಸತಿ ಶುಲ್ಕವನ್ನು ತಲೆಗೆ ಒಂದು ರಾತ್ರಿಗೆ 50 ಕೊರೂನಾಕ್ಕೆ ಏರಿಸಿತು. ರಾಷ್ಟ್ರೀಯ ಕಾನೂನು ಅನುಮತಿಸಿದ್ದ ಗರಿಷ್ಠ ಮಿತಿಯೇ ಅಷ್ಟು. ಹಳೆಯ ಪಟ್ಟಣದಲ್ಲಿ ಒಂದು ಲೋಟ ಬಿಯರ್‌ಗೆ ಇದಕ್ಕಿಂತ ಹೆಚ್ಚು ತೆರಬೇಕು! ಇದೇ ಸಮಸ್ಯೆಯಿಂದ ನರಳುವ ಆಮ್‌ಸ್ಟರ್‌ಡ್ಯಾಮ್ 2024ರಲ್ಲಿ ಕೋಣೆಯ ದರದ ಶೇ. 12.5ರಷ್ಟು ತೆರಿಗೆ ವಿಧಿಸಿತು. ಅದಕ್ಕೂ ಮುನ್ನ, 2023ರಲ್ಲಿ, ಮೋಜಿಗಾಗಿ ಬರುವ ಬ್ರಿಟನ್ನಿನ 18ರಿಂದ 35ರ ವಯೋಮಾನದ ಗಂಡಸರಿಗೆ ‘ದೂರವಿರಿ’ ಎಂದು ನೇರವಾಗಿ ಜಾಹೀರಾತನ್ನೇ ನೀಡಿತ್ತು. ಅಲ್ಪಾವಧಿ ಬಾಡಿಗೆ ಮನೆಗಳ ನೋಂದಣಿ ಹಾಗೂ ಮಾಹಿತಿ ಹಂಚಿಕೆಗೆ ಯುರೋಪಿಯನ್ ಒಕ್ಕೂಟ 2024ರಲ್ಲಿ ನಿಯಮ ರೂಪಿಸಿ, 2026ರ ಮೇ 20ರಿಂದ ಅನ್ವಯವಾಗುವಂತೆ ಮಾಡಿತು. ಪಬ್ ನಿಷೇಧದಷ್ಟು ಸುದ್ದಿಯಾಗದ ಈ ನಿಯಮದಿಂದಲೇ ಹೆಚ್ಚು ಪ್ರಯೋಜನವಾಗಬಹುದು. ಎಷ್ಟು ಮನೆಗಳು ಕೈತಪ್ಪಿವೆ ಎಂಬ ಲೆಕ್ಕವೇ ಇಲ್ಲದ ನಗರ ಯಾವುದನ್ನು ತಾನೇ ನಿಯಂತ್ರಿಸೀತು?

‘ಹಣವಂತರೇ ಬರಲಿ’ ಎಂದರೆ?

ಇನ್ನು ‘ಹಣವಂತ ಪ್ರವಾಸಿ’ಯ ಮಾತು. ಕಡಿಮೆ ಖರ್ಚಿನವನು ಕೆಡುಕ, ಹೆಚ್ಚು ಖರ್ಚಿನವನು ಸಭ್ಯ ಎಂಬ ಸಮೀಕರಣ ಅಪಾಯಕಾರಿ. ಅಗ್ಗದ ವಿಮಾನದಲ್ಲಿ ಬಂದು, ಡಾರ್ಮಿಟರಿಯಲ್ಲಿ ಮಲಗಿ, ಕಾಫ್ಕಾ ನಡೆದಾಡಿದ ಬೀದಿಗಳನ್ನು ಹುಡುಕುವ ವಿದ್ಯಾರ್ಥಿಯೂ ಇದ್ದಾನೆ. ಹೊರಗಿನ ಜಗತ್ತು ನೋಡುವ ಹಕ್ಕಿಗಾಗಿ ನಾಲ್ಕು ದಶಕ ಹಂಬಲಿಸಿದ ಜನರ ರಾಜಧಾನಿ, ಜೇಬು ನೋಡಿ ಸ್ವಾಗತಿಸುವ ಸ್ಥಿತಿಗೆ ಬಂದದ್ದು ವಿಪರ್ಯಾಸ.

ಈ ಚರ್ಚೆ ಕನ್ನಡಿಗರಿಗೂ ಹೊರತಲ್ಲ. ಉದ್ಯೋಗ ನಿಮಿತ್ತ ಜರ್ಮನಿ, ನೆದರ್ಲೆಂಡ್ಸ್‌ಗಳಲ್ಲಿ ನೆಲೆಸಿರುವ ನಮ್ಮ ಯುವಜನರೂ ಗೆಳೆಯರೊಡನೆ ಇಂಥ ಪ್ರವಾಸ ಕೈಗೊಳ್ಳುವವರೇ. ಬೆಂಗಳೂರಿನಿಂದ ಹೊರಡುವ ಹತ್ತು ದಿನಗಳ ಯುರೋಪ್ ಪ್ಯಾಕೇಜ್‌ನಲ್ಲಿಯೂ ಪ್ರಾಗ್‌ಗೆ ದಕ್ಕುವುದು ಒಂದೆರಡು ರಾತ್ರಿ. ಎರಡು ಷೆಂಗೆನ್ ವೀಸಾಗಳನ್ನು ಮೂರು ವರ್ಷದೊಳಗೆ ಸರಿಯಾಗಿ ಬಳಸಿದ ಭಾರತೀಯರಿಗೆ ಎರಡು ವರ್ಷಗಳ ಬಹುಪ್ರವೇಶ ವೀಸಾ ನೀಡುವ ಪದ್ಧತಿ 2024ರಲ್ಲಿ ಜಾರಿಗೆ ಬಂದಿರುವುದರಿಂದ, ಮತ್ತೆ ಮತ್ತೆ ಹೋಗುವವರಿಗೆ ದಾರಿ ಸುಗಮವಾಗಿದೆ.

ಹೋಗುವವರು ಒಂದು ರಾತ್ರಿ ಹೆಚ್ಚು ಉಳಿದರೆ, ಇನ್ನೊಬ್ಬರ ಮನೆಯಾಗಬಹುದಾಗಿದ್ದ ಫ್ಲ್ಯಾಟ್ ಬಿಟ್ಟು ಹೋಟೆಲಿನಲ್ಲಿ ತಂಗಿದರೆ, ರಾಜಮಾರ್ಗ ಬಿಟ್ಟು ಸಂಗೀತಕಾರರಾದ ಸ್ಮೆತಾನಾ, ದ್ವೊರ್ಷಾಕ್ ಅವರ ಸಮಾಧಿಗಳಿರುವ ವಿಶೆಹ್ರಾಡ್ ಕಡೆ ಹೆಜ್ಜೆ ಹಾಕಿದರೆ ನಗರದ ಭಾರ ತುಸು ಇಳಿದೀತು. ಆದರೆ ಅತಿಥಿಯ ಸದ್ಬುದ್ಧಿಯೊಂದನ್ನೇ ನಂಬಿ ಊರು ಉಳಿಯುವುದಿಲ್ಲ. ರಾತ್ರಿ ಹತ್ತರ ನಂತರ ಬೀದಿ ಮೌನವಾದರೆ ಸಾಲದು. ಬೆಳಗಾದಾಗ ಆ ಬೀದಿಯ ಕಿಟಕಿ ತೆರೆಯಲು ಅಲ್ಲಿಯೇ ಬಾಳುವವರು ಇರಬೇಕು. ಪ್ರಾಗ್ ನಗರದ ನಿಜವಾದ ಪರೀಕ್ಷೆ ಅಲ್ಲಿದೆ.