ಅಸಲಿ ಕ್ರೈಸ್ತ ಎಂಬ ಸರ್ಟಿಫಿಕೇಟು

ಕರ್ನಾಟಕದ ಕ್ರೈಸ್ತರ ಮೇಲೆ ಮತಾಂತರದ ಗುಮಾನಿ ಬಿದ್ದಾಗಲೆಲ್ಲ ಒಂದು ಸಮಜಾಯಿಷಿ ಸಿದ್ಧವಾಗಿರುತ್ತದೆ: ‘ನಾವು ಅಂಥವರಲ್ಲ ಸ್ವಾಮಿ, ಅವರು ಬೇರೆ.’ ಕ್ಯಾಥೊಲಿಕರ ಬಾಯಲ್ಲಿ ‘ಅವರು’ ಅಂದರೆ ಪ್ರೊಟೆಸ್ಟೆಂಟ್ ಕಡೆಯಲ್ಲಿ ಮೊನ್ನೆ ಮೊನ್ನೆ ಹುಟ್ಟಿಕೊಂಡ ಪ್ರೇಯರ್ ಹಾಲ್‌ನವರು. ಪ್ರೊಟೆಸ್ಟೆಂಟರ ಬಾಯಲ್ಲಿ ‘ಅವರು’ ಅಂದರೆ ರೋಮಿನ ಪೋಪನ ಅಪ್ಪಣೆಗೆ ಕಾಯುವವರು. ತಾನು ಈ ನೆಲದವನು ಎನ್ನಿಸಿಕೊಳ್ಳಲು ಪಕ್ಕದ ಕ್ರೈಸ್ತನನ್ನು ಹಿಡಿದುಕೊಡುವ ಈ ಜಾಣತನಕ್ಕೆ ಎರಡೂ ಪಾಳಯಗಳಲ್ಲಿ ಗಿರಾಕಿಗಳಿದ್ದಾರೆ.

ಅದರ ಬೆಲೆ ಎಷ್ಟೆಂದು 2008ರಲ್ಲೇ ಗೊತ್ತಾಗಬೇಕಿತ್ತು. ಸೆಪ್ಟೆಂಬರ್ 14ರ ಭಾನುವಾರ ಮಂಗಳೂರಿನಲ್ಲಿ ಕ್ರೈಸ್ತರ ಪ್ರಾರ್ಥನಾ ಸ್ಥಳಗಳ ಮೇಲೆ ದಾಳಿ ಶುರುವಾದಾಗ ಮುಂದಿಟ್ಟ ಕಾರಣ ‘ಸತ್ಯದರ್ಶಿನಿ’ ಎಂಬ ಪುಸ್ತಕ, ಬೆರಳು ತೋರಿಸಿದ್ದು ‘ನ್ಯೂ ಲೈಫ್’ ಎಂಬ ಗುಂಪಿನತ್ತ. ನುಗ್ಗಿದ್ದು ಎಲ್ಲಿಗೆ? ಮಿಲಾಗ್ರಿಸ್ ಬಳಿಯ ಅಡೋರೇಶನ್ ಮಠಕ್ಕೆ. ಅಲ್ಲಿರುವವರು ಕ್ಯಾಥೊಲಿಕ್ ಸನ್ಯಾಸಿನಿಯರು. ಗೋಡೆಯೊಳಗೆ ಪ್ರಾರ್ಥನೆ ಮಾಡಿಕೊಂಡಿರುವವರೇ ಹೊರತು ಬೀದಿಯಲ್ಲಿ ಕರಪತ್ರ ಹಂಚುವವರಲ್ಲ. ಶಿಲುಬೆ ಮುರಿಯಿತು, ಪರಮಪ್ರಸಾದದ ಪೆಟ್ಟಿಗೆ ಒಡೆಯಿತು. ನ್ಯೂ ಲೈಫ್‌ಗೂ ತಮಗೂ ಸಂಬಂಧವಿಲ್ಲ ಎಂದು ಕ್ಯಾಥೊಲಿಕ್ ಮುಖಂಡರು ಸ್ಪಷ್ಟನೆ ಕೊಟ್ಟರು. ಒಂದು ವಾರ ಕಳೆಯುವಷ್ಟರಲ್ಲಿ ಬೆಂಗಳೂರಿನ ಹೆಬ್ಬಾಳದ ಪಕ್ಕದ ಮರಿಯಣ್ಣನಪಾಳ್ಯದಲ್ಲಿ ಸೇಂಟ್ ಜೇಮ್ಸ್ ಚರ್ಚ್ ದಾಳಿಗೆ ತುತ್ತಾಯಿತು. ಅದೂ ಕ್ಯಾಥೊಲಿಕ್ ಚರ್ಚೇ. ಬಂದವರು ಸ್ಪಷ್ಟನೆಯನ್ನು ಓದಿರಲಿಲ್ಲವೇನೋ!

ಓದದಿದ್ದರೂ ಚಿಂತೆಯಿಲ್ಲ, ಜನಗಣತಿಯನ್ನಾದರೂ ನೋಡಬಹುದಿತ್ತು. 2001ರಲ್ಲಿ ರಾಜ್ಯದ ಜನಸಂಖ್ಯೆಯಲ್ಲಿ ಕ್ರೈಸ್ತರ ಪಾಲು ಶೇ 1.91. 2011ರಲ್ಲಿ ಶೇ 1.87. ಮತಾಂತರದ ಮಹಾಪೂರ ಹರಿಯಿತೆಂದು ಊರೆಲ್ಲ ಡಂಗುರ ಹೊಡೆದ ದಶಕದಲ್ಲೇ ಪಾಲು ಇಳಿದಿದೆ. ಈ ಶೇ 1.87ರ ಎದುರು ಕ್ಯಾಥೊಲಿಕ್, ಪ್ರೊಟೆಸ್ಟೆಂಟ್ ಎಂಬ ಎರಡು ಕಾಲಂಗಳಿಲ್ಲ, ‘ಕ್ರೈಸ್ತ’ ಎಂಬ ಒಂದೇ ಕಾಲಂ ಇದೆ. ಸರ್ಕಾರವೇ ಹಾಕದ ಗೆರೆಯನ್ನು ಈ ಎರಡೂ ಪಾಳಯದವರು ಎಳೆದುಕೊಂಡು ಕೂತಿದ್ದಾರೆ.

ಸಮುದಾಯದ ಹೊರಗಿನವರ ಹಂಚಿಕೆ ಇನ್ನೂ ಸೊಗಸು. ರಾಜ್ಯೋತ್ಸವದ ವೇದಿಕೆಯಲ್ಲಿ ಕಿಟೆಲ್ ನಮ್ಮವರು, ಯಾಕೆಂದರೆ 1894ರಲ್ಲಿ ನಿಘಂಟು ಕೊಟ್ಟರು. ಮೋಗ್ಲಿಂಗ್ ನಮ್ಮವರು, ಯಾಕೆಂದರೆ 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದರು. ಇಬ್ಬರೂ ಜರ್ಮನಿಯಿಂದ ಬಂದ ಬಾಸೆಲ್ ಮಿಷನ್ನಿನ ಪ್ರೊಟೆಸ್ಟೆಂಟರು. ಅವರಿಗೂ ಸುಮಾರು ಇನ್ನೂರು ವರ್ಷ ಮೊದಲು ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡ ಕಲಿತು ಬರೆದ ಜೆಸ್ವಿಟ್ ಪಾದ್ರಿ ಲಿಯೊನಾರ್ಡೊ ಚಿನ್ನಮಿಯ ಹೆಸರು ಯಾವ ಭಾಷಣದಲ್ಲೂ ಬರುವುದಿಲ್ಲ. ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ತಲೆಮಾರುಗಳಿಂದ ಕನ್ನಡದಲ್ಲೇ ಜಪ ಹೇಳುತ್ತ ಬಂದ ರೈತ ಕ್ಯಾಥೊಲಿಕರು ಕಪಾಲಿಬೆಟ್ಟದಲ್ಲಿ 114 ಅಡಿಯ ಯೇಸು ಪ್ರತಿಮೆ ನಿಲ್ಲಿಸುತ್ತೇವೆಂದರೆ, ಅದನ್ನು ವಿರೋಧಿಸಿ 2020ರ ಜನವರಿಯಲ್ಲಿ ‘ಕನಕಪುರ ಚಲೋ’ ನಡೆಯುತ್ತದೆ. ಸತ್ತ ವಿದೇಶಿ ಪ್ರೊಟೆಸ್ಟೆಂಟ್ ಕನ್ನಡಿಗ, ಬದುಕಿರುವ ಕನ್ನಡ ಕ್ಯಾಥೊಲಿಕ ಪರಕೀಯ!

ಯಾರು ಮೊದಲು ಬಂದರು ಎಂಬುದೇ ಅಳತೆಯಾದರೆ ಹೆಬ್ಬಾಳದಲ್ಲಿ ಕಿತ್ತಯ್ಯ ಎಂಬವನ ವೀರಗಲ್ಲಿದೆ, ಕ್ರಿ.ಶ. 750ರ ಆಸುಪಾಸಿನದು. ಅವನ ವಂಶಸ್ಥರೊಬ್ಬರನ್ನು ಬಿಟ್ಟು ಬಾಕಿ ನಾವೆಲ್ಲ ಗಂಟುಮೂಟೆ ಕಟ್ಟಬೇಕಾದೀತು.

ಇದೇ ಗೆರೆಯ ಮೇಲೆ ಉತ್ತರ ಐರ್ಲೆಂಡಿನಲ್ಲಿ ಕ್ಯಾಥೊಲಿಕ್ ಅಂದರೆ ಐರಿಶ್, ಪ್ರೊಟೆಸ್ಟೆಂಟ್ ಅಂದರೆ ಬ್ರಿಟಿಷ್ ಎಂದು ಮೂವತ್ತು ವರ್ಷ ಬಡಿದಾಡಿ ಸುಮಾರು 3,500 ಜನ ಸತ್ತರು, 1998ರಲ್ಲಿ ಒಪ್ಪಂದವಾಯಿತು. ಅಲ್ಲಿ ಎರಡೂ ಕಡೆಯವರಿಗೆ ತಮ್ಮದೆನ್ನಲು ಒಂದೊಂದು ದೇಶವಿತ್ತು. ಇಲ್ಲಿ ಇಬ್ಬರಿಗೂ ಇರುವುದು ಒಂದೇ, ಅಸಲಿತನದ ಸರ್ಟಿಫಿಕೇಟಿಗೆ ಸೀಲು ಒತ್ತುವವನು ಮೂರನೆಯವನು.

ಕನ್ನಡದ ವಿಚಾರದಲ್ಲಂತೂ ಎರಡೂ ಕಡೆಯ ದೊಡ್ಡವರು ಕನ್ನಡಿ ನೋಡಿಕೊಳ್ಳುವುದು ಒಳ್ಳೆಯದು. ಬೆಂಗಳೂರಿನ ಕ್ಯಾಥೊಲಿಕ್ ಮಹಾಧರ್ಮಾಧ್ಯಕ್ಷರ ನಿವಾಸ ಬೆನ್ಸನ್ ಟೌನಿನ ಮಿಲ್ಲರ್ಸ್ ರಸ್ತೆಯಲ್ಲಿದೆ. ಪ್ರೊಟೆಸ್ಟೆಂಟರ ಯುನೈಟೆಡ್ ಥಿಯಾಲಜಿಕಲ್ ಕಾಲೇಜೂ ಅದೇ ರಸ್ತೆಯಲ್ಲಿದೆ. ಆ ಕಾಲೇಜಿನಲ್ಲಿಯೂ ಪಾಠ ಇಂಗ್ಲಿಷಿನಲ್ಲಿ, ಕ್ಯಾಥೊಲಿಕರ ಮಲ್ಲೇಶ್ವರದ ಸೇಂಟ್ ಪೀಟರ್ಸ್ ಗುರುಮಠದಲ್ಲಿಯೂ ಇಂಗ್ಲಿಷಿನಲ್ಲಿ. ಭಾಷೆಯ ಜಗಳ ಆ ಗುರುಮಠದ ಸುತ್ತ ಎಷ್ಟು ವಿಷವಾಗಿತ್ತೆಂದರೆ, 2013ರ ಈಸ್ಟರ್ ರಾತ್ರಿ ಅದರ ರೆಕ್ಟರ್ ಫಾದರ್ ಕೆ.ಜೆ. ಥಾಮಸ್ ಕೊಲೆಯಾದಾಗ ತನಿಖೆ ಅದೇ ದಾರಿ ಹಿಡಿಯಿತು, ಬಂಧಿತರಲ್ಲಿ ಪಾದ್ರಿಗಳೂ ಇದ್ದರು. ಆಮೇಲಾದರೂ ಚರ್ಚಿನ ಆಡಳಿತ ಎಚ್ಚೆತ್ತು ಕನ್ನಡದ ಪ್ರಶ್ನೆಗೆ ನೇರ ಉತ್ತರ ಕೊಡಬೇಕಿತ್ತು. ಅದನ್ನು ಬಿಟ್ಟು ಅಸಲಿ ಯಾರು, ನಕಲಿ ಯಾರು ಎಂಬ ಲೆಕ್ಕ.

ಎರಡೂ ಕಡೆಯವರು ಸೇರಿದ ಅಖಿಲ ಕರ್ನಾಟಕ ಸಂಯುಕ್ತ ಕ್ರೈಸ್ತ ವೇದಿಕೆ ಇದೆಯಲ್ಲ ಎನ್ನಬಹುದು. ಇದೆ, ಪತ್ರಿಕಾಗೋಷ್ಠಿಗೆ ಒಂದೇ ಮೇಜಿನ ಹಿಂದೆ ಕೂರುತ್ತಾರೆ ಕೂಡ. ಗೋಷ್ಠಿ ಮುಗಿದ ಮೇಲೆ ‘ಆಮಿಷದ ಮತಾಂತರ ನಮ್ಮಲ್ಲಿಲ್ಲ, ಆ ಹೊಸ ಗುಂಪುಗಳದ್ದು’ ಎಂಬ ಪಿಸುಮಾತು ಮತ್ತೆ ಶುರು. ಪ್ರೊಟೆಸ್ಟೆಂಟರ ಕಡೆಯಲ್ಲೂ ಇದೇ ಕಥೆ. 2020ರ ಮಾರ್ಚಿನಲ್ಲಿ ಹೆಬ್ಬಾಳ ಮೇಲ್ಸೇತುವೆಯಾಚೆ, ದೇವನಹಳ್ಳಿ ತಾಲ್ಲೂಕಿನ ದೊಡ್ಡಸಾಗರಹಳ್ಳಿಯ ಬೆಟ್ಟದಿಂದ 12 ಅಡಿಯ ಯೇಸು ಪ್ರತಿಮೆಯನ್ನು ತಾಲ್ಲೂಕು ಆಡಳಿತ ಇಳಿಸಿತು. ಪ್ರತಿಮೆಗೆ ಕೈಮುಗಿಯದ ಪ್ರೊಟೆಸ್ಟೆಂಟರಿಗೆ ಅದು ಪರರ ಮನೆಯ ವಿಷಯ ಎನ್ನಿಸುವುದು ಬಹಳ ಸುಲಭ. ಅದಕ್ಕೇ ಅದು ಅಪಾಯಕಾರಿ.

ಮುಂದಿನ ಸಲ ಯಲಹಂಕದ ಬಾಡಿಗೆ ಶೆಡ್ಡಿನ ಪ್ರೇಯರ್ ಹಾಲ್‌ಗೆ ಕಲ್ಲು ಬಿದ್ದರೆ ಮೊದಲು ಅಲ್ಲಿಗೆ ಹೋಗಬೇಕಾದವರು ಮಹಾಧರ್ಮಾಧ್ಯಕ್ಷರು. ಬೆಟ್ಟದ ಮೇಲಿನ ಪ್ರತಿಮೆಗೆ ಕೈ ಬಿದ್ದರೆ ಪ್ರೊಟೆಸ್ಟೆಂಟರ ಸಿಎಸ್‌ಐ ಬಿಷಪ್ ಹೋಗಲಿ. ‘ಅವರು ಬೇರೆ’ ಎಂಬ ಪತ್ರಿಕಾ ಹೇಳಿಕೆಯನ್ನು ಇಬ್ಬರೂ ಹರಿದು ಹಾಕಿಯೇ ಹೊರಡಲಿ.