ಮನೆವಾರ್ತೆ: ಹಳೆ ಅಡಿಕೆಯ ಬೆಲೆ ಹಳೆ ಬಕೆಟಿಗಿಲ್ಲ



ಮಂಜೇಶ್ವರ, ಕುಂಬಳೆ, ಕಾಸರಗೋಡು ಕಡೆಯ ನಮ್ಮ ವ್ಯಾಪಾರಸ್ಥರ ಮನೆಗಳಲ್ಲಿ ಒಂದು ಮಾತು ಗಟ್ಟಿಯಾಗಿ ಬೇರೂರಿದೆ: ‘ಇಟ್ಟರೆ ಬೆಲೆ ಬರುತ್ತದೆ.’ ಈ ಮಾತಿಗೆ ಆಧಾರವಿಲ್ಲದಿಲ್ಲ. ಹೊಸ ಚಾಲಿ ಅಡಿಕೆಯನ್ನು ಒಣಗಿಸಿ ಒಂದು ಮಳೆಗಾಲ ದಾಟಿಸಿದರೆ ಅದು ‘ಹಳೆ ಅಡಿಕೆ’ ಎನಿಸುತ್ತದೆ. ಪೇಟೆಯಲ್ಲಿ ಸಾಮಾನ್ಯವಾಗಿ ಹೊಸದಕ್ಕಿಂತ ಹೆಚ್ಚಿನ ಧಾರಣೆ ಪಡೆಯುತ್ತದೆ. ಕಾಳುಮೆಣಸು ಚೆನ್ನಾಗಿ ಒಣಗಿದ್ದರೆ ವರ್ಷಗಟ್ಟಲೆ ಕೆಡದೆ ಕುಳಿತಿರುತ್ತದೆ. ಕಾಯುವುದೇ ಲಾಭ ಎಂಬುದನ್ನು ನಮ್ಮ ಹಿರಿಯರು ಅನುಭವದಿಂದ ಕಲಿತರು, ಮಕ್ಕಳಿಗೂ ಕಲಿಸಿದರು.

ತೊಂದರೆ ಆರಂಭವಾಗುವುದು ಈ ಬುದ್ಧಿ ಅಂಗಡಿಯಿಂದ ಮನೆಯೊಳಗೆ ಕಾಲಿಟ್ಟಾಗ. ಹಿಡಿ ಮುರಿದ ಬಕೆಟು, ಮುಚ್ಚಳ ಕಳೆದುಹೋದ ಡಬ್ಬ, ಕಡ್ಡಿ ಮುರಿದ ಕೊಡೆ, ಕೆಟ್ಟು ಕೂತ ಮಿಕ್ಸಿ, ಹತ್ತು ವರ್ಷದ ಹಿಂದಿನ ಕ್ಯಾಲೆಂಡರು, ಮದುವೆಯಲ್ಲಿ ಬಂದು ಇನ್ನೂ ಕಾಗದ ಬಿಚ್ಚದ ಗಡಿಯಾರ, ಎಲ್ಲವೂ ಅಟ್ಟ ಸೇರುತ್ತವೆ. ‘ಇರಲಿ, ಯಾವಾಗಲಾದರೂ ಬೇಕಾದೀತು’ ಎನ್ನುತ್ತೇವೆ. ಆದರೆ ಹಳೆ ಅಡಿಕೆಗೆ ಬರುವ ಬೆಲೆ ಹಳೆ ಬಕೆಟಿಗೆ ಎಂದೂ ಬರುವುದಿಲ್ಲ. ಅಂಗಡಿಯಲ್ಲಿ ಆರು ತಿಂಗಳು ಕದಲದ ಸರಕನ್ನು ಕಂಡರೆ ನಮ್ಮ ಗಂಡಸರಿಗೆ ನಿದ್ದೆ ಬರುವುದಿಲ್ಲ. ಕಡಿಮೆ ಬೆಲೆಗಾದರೂ ಕೊಟ್ಟು ಜಾಗ ತೆರವು ಮಾಡುತ್ತಾರೆ. ವರ್ಷಕ್ಕೊಮ್ಮೆ ದಾಸ್ತಾನು ಲೆಕ್ಕ ಹಾಕುತ್ತಾರೆ. ಮನೆಯ ದಾಸ್ತಾನಿಗೆ ಮಾತ್ರ ಲೆಕ್ಕವೂ ಇಲ್ಲ, ಲೆಕ್ಕ ಕೇಳುವವರೂ ಇಲ್ಲ.

ಲೆಕ್ಕ ಇಲ್ಲ ಎಂದ ಮಾತ್ರಕ್ಕೆ ಖರ್ಚು ಇಲ್ಲ ಎಂದಲ್ಲ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುತ್ತದೆ. ಆ ನಾಲ್ಕು ತಿಂಗಳು ಗಾಳಿಯಾಡದ ಮೂಲೆಯಲ್ಲಿ ಏನಿಟ್ಟರೂ ಬೂಷ್ಟು ಹಿಡಿಯುತ್ತದೆ. ರಟ್ಟಿನ ಪೆಟ್ಟಿಗೆಗೆ ಗೆದ್ದಲು, ಕಾಗದದ ಕಟ್ಟಿಗೆ ಹುಳು, ಡಬ್ಬಗಳ ಸಂದಿಯಲ್ಲಿ ಜಿರಳೆ. ಹಿತ್ತಲಲ್ಲಿ ಎಸೆದ ಡಬ್ಬ, ಗೆರಟೆ, ಅಡಿಕೆ ಹಾಳೆ, ಹಳೆ ಟಯರುಗಳಲ್ಲಿ ನಿಂತ ನೀರಿನಲ್ಲಿ ಡೆಂಗ್ಯೂ ಹರಡುವ ಸೊಳ್ಳೆ ಮೊಟ್ಟೆಯಿಡುತ್ತದೆ. ಒಂದು ವಾರ ಹತ್ತು ದಿನದೊಳಗೆ ಆ ಮೊಟ್ಟೆ ಸೊಳ್ಳೆಯಾಗಿ ಹಾರುತ್ತದೆ. ವಾರಕ್ಕೊಮ್ಮೆ ನೀರು ಚೆಲ್ಲಿ ‘ಡ್ರೈ ಡೇ’ ಆಚರಿಸಿ ಎಂದು ಆರೋಗ್ಯ ಇಲಾಖೆಯವರು ಹೇಳುವುದರ ಗುಟ್ಟು ಇದೇ.

ಇಲ್ಲಿ ನಮ್ಮಂಥವರು ಯೋಚಿಸಬೇಕಾದ ಇನ್ನೊಂದು ಮಾತಿದೆ. ನಾವು ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಸುತ್ತೇವೆ, ನೀರು ಸೋಸುತ್ತೇವೆ, ಧಾನ್ಯ ಆರಿಸುತ್ತೇವೆ. ಎಲ್ಲವೂ ಸಣ್ಣ ಜೀವಕ್ಕೂ ನೋವಾಗಬಾರದೆಂದು. ಆದರೆ ಅಟ್ಟದ ಮೇಲೆ ಹತ್ತು ವರ್ಷ ಯಾರೂ ಮುಟ್ಟದ ರಾಶಿಯನ್ನು ಒಂದು ದಿನ ಕೆಡವಿದಾಗ ಎಷ್ಟು ಸಾವಿರ ಜೀವಗಳು ಕಾಲಡಿಗೆ, ಪೊರಕೆಯಡಿಗೆ, ಔಷಧದಡಿಗೆ ಸಿಕ್ಕುತ್ತವೆ! ರಾಶಿ ಬೆಳೆಸಿದ ದಿನವೇ ಆ ಹಿಂಸೆಗೆ ಬೀಜ ಬಿತ್ತಿದ್ದೇವೆ. ವಸ್ತುವನ್ನು ನೋಡಿ ಎತ್ತಬೇಕು, ನೋಡಿ ಇಡಬೇಕು ಎಂದು ಮುನಿಗಳಿಗೆ ವಿಧಿಸಿರುವ ಆದಾನ ನಿಕ್ಷೇಪಣ ಸಮಿತಿಯ ಒಂದಂಶವನ್ನು ಗೃಹಸ್ಥರಾದ ನಾವೂ ಪಾಲಿಸಬಹುದು. ಆದರೆ ಎಷ್ಟಿದೆ ಎಂದೇ ತಿಳಿಯದ ಸಾಮಾನನ್ನು ನೋಡಿ ಇಡುವುದು ಹೇಗೆ?

ಪರಿಗ್ರಹ ಪರಿಮಾಣ ವ್ರತ ಎಂದರೆ ಬಂಗಾರ, ಭೂಮಿಗಳಿಗೆ ಮಿತಿ ಹಾಕಿಕೊಳ್ಳುವುದು ಎಂದಷ್ಟೇ ಅನೇಕರ ಎಣಿಕೆ. ಆದರೆ ಶಾಸ್ತ್ರಕಾರರು ಹೊರಗಿನ ಪರಿಗ್ರಹವನ್ನು ಎಣಿಸುವಾಗ ಹೊಲ, ಮನೆ, ಬೆಳ್ಳಿ, ಬಂಗಾರಗಳ ಜೊತೆಯಲ್ಲೇ ‘ಕುಪ್ಯ’ ಮತ್ತು ‘ಭಾಂಡ’ ಎಂದು ಬಟ್ಟೆಬರೆ, ಪಾತ್ರೆಪಡಗಗಳನ್ನೂ ಸೇರಿಸಿದ್ದಾರೆ. ಸಮಂತಭದ್ರಾಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ಈ ವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ಒಂದು ‘ಅತಿಸಂಗ್ರಹ’. ಉಮಾಸ್ವಾಮಿಗಳು ಪರಿಗ್ರಹವೆಂದರೆ ವಸ್ತುವಿನ ಮೇಲಿನ ಮೋಹವೇ ಎಂದು ವಿವರಿಸಿದರು. ಹಾಗಾಗಿ ಕಪಾಟು ಖಾಲಿ ಮಾಡುವ ಕೆಲಸ ಕೇವಲ ಧೂಳು ಹೊಡೆಯುವ ಕೆಲಸವಲ್ಲ. ‘ಇದನ್ನು ನಾನೇಕೆ ಬಿಡಲಾರೆ?’ ಎಂದು ಒಂದೊಂದು ವಸ್ತುವನ್ನೂ ಕೈಯಲ್ಲಿ ಹಿಡಿದು ಕೇಳಿಕೊಳ್ಳುವ ಕೆಲಸ.

ಹಾಗೆಂದು ಒಂದೇ ದಿನ ಇಡೀ ಮನೆಯನ್ನು ತಲೆಕೆಳಗು ಮಾಡಲು ಹೊರಡಬೇಡಿ. ಬೆಳಗ್ಗೆ ಉತ್ಸಾಹದಿಂದ ಎಲ್ಲವನ್ನೂ ಚಾವಡಿಗೆ ಎಳೆದು ಹಾಕಿ, ಸಂಜೆ ಸೊಂಟ ಹಿಡಿದು, ಮತ್ತೆ ಎಲ್ಲವನ್ನೂ ಅಟ್ಟಕ್ಕೇ ತುಂಬುವುದು ಎಷ್ಟೋ ಮನೆಗಳ ಕಥೆ. ದಿನಕ್ಕೆ ಕಾಲು ಗಂಟೆ, ಒಂದೇ ಒಂದು ಮೂಲೆ. ಅಷ್ಟು ಸಾಕು. ಸಣ್ಣ ಗೆಲುವು ಕೈಗೆ ಬಂದರೆ ನಾಳೆಗೆ ತಾನೇ ಹುರುಪು ಬರುತ್ತದೆ.

ಆರಿಸುವ ವಿಧಾನವನ್ನು ಬೇರೆಲ್ಲೂ ಕಲಿಯಬೇಕಾಗಿಲ್ಲ. ಸುಲಿದ ಅಡಿಕೆಯನ್ನು ನಮ್ಮವರು ಹೇಗೆ ಬೇರ್ಪಡಿಸುತ್ತಾರೆ? ಒಳ್ಳೆಯದು ಒಂದು ಕಡೆ, ಪಟೋರ ಒಂದು ಕಡೆ, ಕರಿಗೋಟು ಇನ್ನೊಂದು ಕಡೆ. ಮನೆಯ ಸಾಮಾನಿಗೂ ಅದೇ ಕ್ರಮ. ಈ ವರ್ಷ ಉಪಯೋಗಿಸಿದ್ದು ಒಳ್ಳೆಯದು, ಉಳಿಯಲಿ. ಚೆನ್ನಾಗಿದೆ, ಆದರೆ ನಮಗೆ ಬೇಡ ಎಂಬುದು ಇನ್ನೊಬ್ಬರಿಗೆ ಹೋಗಲಿ. ಮುರಿದದ್ದು, ಹರಿದದ್ದು ಕರಿಗೋಟು, ಗುಜರಿಯವನಿಗೆ. ಕರಿಗೋಟನ್ನು ಒಳ್ಳೆಯ ಅಡಿಕೆಯ ಚೀಲದಲ್ಲಿ ಬೆರೆಸಿದರೆ ಇಡೀ ಚೀಲದ ಧಾರಣೆ ಬೀಳುವಂತೆ, ಬೇಡದ ಸಾಮಾನು ಬೇಕಾದ ಸಾಮಾನನ್ನೂ ಕೈಗೆ ಸಿಗದಂತೆ ಮಾಡುತ್ತದೆ.

ಮೊದಲ ದಿನ ಅಡಿಗೆಮನೆಯ ಡಬ್ಬಗಳು. ಪ್ರತಿ ಡಬ್ಬಕ್ಕೂ ಅದರ ಮುಚ್ಚಳ ಹಾಕಿ ನೋಡಿ. ಜೋಡಿ ಸಿಗದದ್ದು ಹೊರಗೆ. ಹತ್ತು ನಿಮಿಷದಲ್ಲಿ ಅರ್ಧ ಗೂಡು ಖಾಲಿಯಾಗುತ್ತದೆ. ಕೂಡಿಟ್ಟ ಧಾನ್ಯದಲ್ಲಿ ಹುಳು ಕಂಡರೆ ಬಿಸಿಲಿಗೆ ಸುರಿಯದೆ ನೆರಳಿನಲ್ಲಿ ಹರಡಿ, ಜೀವಗಳು ತಾವಾಗಿ ಸರಿಯಲು ಬಿಡಿ. ಮುಂದೆ ತಿಂಗಳಿಗೆ ಬೇಕಾದಷ್ಟೇ ತನ್ನಿ.

ಎರಡನೆಯ ದಿನ ಮಾತ್ರೆಗಳ ಪೆಟ್ಟಿಗೆ. ದಿನಾಂಕ ಮುಗಿದದ್ದನ್ನು ಬೇರ್ಪಡಿಸಿ. ಔಷಧದಾನ ನಮ್ಮಲ್ಲಿ ಶ್ರೇಷ್ಠವೆಂಬುದು ನಿಜ. ಆದರೆ ಅವಧಿ ಮೀರಿದ ಮಾತ್ರೆಯನ್ನು ಕೆಲಸದವರಿಗೆ ಕೊಡುವುದು ದಾನವಲ್ಲ, ಅಪಾಯ. ಬಾವಿ, ತೋಡಿನ ಬದಿಗೂ ಎಸೆಯಬೇಡಿ.

ಮೂರನೆಯ ದಿನ ಕಾಗದ. ವ್ಯಾಪಾರಿಗಳ ಮನೆಯಲ್ಲಿ ಅತ್ಯಂತ ದೊಡ್ಡ ರಾಶಿ ಇದೇ. ಜಿ.ಎಸ್.ಟಿ. ಕಾನೂನಿನ ಪ್ರಕಾರ ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪತ್ರ ಇಟ್ಟಿರಬೇಕು. ವ್ಯಾಜ್ಯವಿದ್ದರೆ ಇನ್ನೂ ಹೆಚ್ಚು. ಆದಾಯ ತೆರಿಗೆಯ ಕಾಗದಗಳ ಬಗ್ಗೆ ನಿಮ್ಮ ಲೆಕ್ಕಪರಿಶೋಧಕರನ್ನು ಒಂದು ಮಾತು ಕೇಳಿ, ವರ್ಷವಾರು ಕಟ್ಟಿ, ಕಟ್ಟಿನ ಮೇಲೆ ‘ಇಂಥ ವರ್ಷದವರೆಗೆ’ ಎಂದು ಬರೆದಿಡಿ. ಜಾಗದ ಪತ್ರ, ಪಾಲುಪಟ್ಟಿ, ಜನನ ಮರಣ ದಾಖಲೆಗಳು ಬೇರೆಯೇ ಪೆಟ್ಟಿಗೆಯಲ್ಲಿರಲಿ. ಉಳಿದ ಬಿಲ್ಲು, ಆಮಂತ್ರಣ ಪತ್ರಿಕೆ, ಹಳೇ ಪೇಪರುಗಳಿಗೆ ವಿದಾಯ ಹೇಳಿ.

ಇಲ್ಲಿ ಒಂದು ಎಚ್ಚರಿಕೆ. ಹಳತೆಲ್ಲ ಕಸವಲ್ಲ. ಷಟ್ಖಂಡಾಗಮದ ಧವಲಾ ಟೀಕೆಯ ಪ್ರಾಚೀನ ತಾಳೆಗರಿ ಪ್ರತಿಗಳು ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ಉಳಿದುದರಿಂದಲೇ 1939ರಿಂದ ಅದು ಅಚ್ಚಾಗಿ ಲೋಕಕ್ಕೆ ದೊರೆಯಿತು. ಅಟ್ಟದಲ್ಲಿ ತಾಳೆಗರಿಯ ಕಟ್ಟು, ತಾಮ್ರದ ತಗಡು, ಕೈಬರಹದ ಕಡತ ಕಂಡರೆ ಗುಜರಿಗೆ ಹಾಕುವುದಿರಲಿ, ನೀರಿನ ಬಟ್ಟೆಯಿಂದ ಒರೆಸಲೂ ಹೋಗಬೇಡಿ. ಬಲ್ಲವರಿಗೆ ತೋರಿಸಿ. ಮೂಡುಬಿದಿರೆಯ ರಮಾರಾಣಿ ಜೈನ್ ಶೋಧ ಸಂಸ್ಥಾನದಂಥ ಕಡೆ ಇವುಗಳ ಬೆಲೆ ಬಲ್ಲವರಿದ್ದಾರೆ. ಮುಚ್ಚಿದ ಪೆಟ್ಟಿಗೆಯಲ್ಲಿ ಗೆದ್ದಲಿಗೆ ಆಹಾರವಾಗುವುದಕ್ಕಿಂತ ಓದುವವರ ಕೈಸೇರುವುದು ಮೇಲು. ಮಂಜೇಶ್ವರದ ಗೋವಿಂದ ಪೈಗಳು 1963ರಲ್ಲಿ ತೀರಿಕೊಂಡರು. ಅವರ ಗ್ರಂಥಸಂಗ್ರಹ ಉಡುಪಿಯ ಎಂ.ಜಿ.ಎಂ. ಕಾಲೇಜು ಸೇರಿ ಸಂಶೋಧಕರಿಗೆ ಒದಗಿತು. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದಳು. ನಮ್ಮ ಮಕ್ಕಳು ಓದಿ ಮುಗಿಸಿದ ಪಠ್ಯಪುಸ್ತಕಗಳನ್ನು ಹತ್ತಿರದ ಕನ್ನಡ ಶಾಲೆಗೆ, ವಾಚನಾಲಯಕ್ಕೆ ಕೊಟ್ಟರೆ ಅದೂ ಶಾಸ್ತ್ರದಾನದ ಒಂದು ಸಣ್ಣ ಹೆಜ್ಜೆಯೇ.

ಇನ್ನು ಅತ್ಯಂತ ನಾಜೂಕಿನ ವಿಷಯ, ಮನೆಯ ಹಿರಿಯರ ಸಾಮಾನು. ಕುಂಬಳೆ ಕಡೆಯ ಒಂದು ವ್ಯಾಪಾರಿ ಮನೆಯ ಸೊಸೆ ಹೇಳಿದ ಮಾತಿದು. ಮಾವನವರ ಕಾಲದ ತಕ್ಕಡಿ, ಸೇರು, ಪಡಿ, ಕಬ್ಬಿಣದ ಬಟ್ಟುಗಳು ಒಂದು ಗೋಣಿಯಲ್ಲಿದ್ದುವು. ಮಗ ಗುಜರಿಯವನನ್ನು ಕರೆಸಿಯೂ ಆಗಿತ್ತು. ಅತ್ತೆ ಏನೂ ಹೇಳಲಿಲ್ಲ. ಆದರೆ ಆ ದಿನ ಊಟಕ್ಕೆ ಏಳಲಿಲ್ಲ. ಸೊಸೆ ಹತ್ತಿರ ಹೋಗಿ ಕೂತು, “ಅತ್ತೆ, ಇದರಲ್ಲಿ ನಿಮಗೆ ಯಾವುದು ಬೇಕು ಹೇಳಿ. ಅದನ್ನು ಯಾರೂ ಮುಟ್ಟುವುದಿಲ್ಲ” ಎಂದಳು. ಅತ್ತೆ ಬಹಳ ಹೊತ್ತಿನ ಮೇಲೆ, “ಆ ತಕ್ಕಡಿ ಇರಲಿ ಮಗಾ. ಅದರಲ್ಲಿ ಅವರು ಒಬ್ಬರಿಗೂ ಕಮ್ಮಿ ತೂಗಿದವರಲ್ಲ” ಎಂದರಂತೆ. ತಕ್ಕಡಿಯನ್ನು ಹುಣಸೆಹುಳಿ ಹಾಕಿ ತಿಕ್ಕಿ ಅಂಗಡಿಯ ಗೋಡೆಯಲ್ಲಿ ತೂಗುಹಾಕಿದರು. ಉಳಿದದ್ದನ್ನು ಕೊಡಲು ಅತ್ತೆಯೇ ಒಪ್ಪಿದರು. ಗೋಣಿಯೊಳಗೆ ತುಕ್ಕು ಹಿಡಿಯುತ್ತಿದ್ದ ನೆನಪು ಈಗ ಮೊಮ್ಮಕ್ಕಳ ಕಣ್ಣೆದುರಿಗಿದೆ. ಕೇಳದೆ ಎಸೆದ ಮನೆ ಸ್ವಚ್ಛವಾದೀತು, ಮನಸ್ಸು ಸ್ವಚ್ಛವಾಗದು. ಇನ್ನೊಬ್ಬರ ಮೋಹವನ್ನು ಬಿಡಿಸುವ ಅಧಿಕಾರ ನಮಗಿಲ್ಲ. ಅವರವರದನ್ನು ಅವರವರೇ ಬಿಡಬೇಕು. ಗಂಡಸರು ಈ ಕೆಲಸವನ್ನೆಲ್ಲ ಹೆಂಗಸರ ತಲೆಗೆ ಕಟ್ಟದೆ ತಮ್ಮ ಮೇಜಿನಿಂದಲೇ ಆರಂಭಿಸಲಿ.

ಬಟ್ಟೆ, ಪಾತ್ರೆಗಳನ್ನು ಕೊಡುವಾಗ ಒಂದು ನಿಯಮ ಇಟ್ಟುಕೊಳ್ಳಿ. ನಾವೇ ಉಡಬಹುದಾದಷ್ಟು ಶುಭ್ರವಾಗಿದ್ದರೆ ಮಾತ್ರ ಕೊಡಬೇಕು. ಒಗೆದು, ಗುಂಡಿ ಹೊಲಿದು, ಮಡಚಿ, ‘ನಿಮಗೆ ಬೇಕಾದೀತೇ?’ ಎಂದು ಕೇಳಿ ಕೊಡಿ. ಹರಿದದ್ದನ್ನು ಕೊಟ್ಟು ಪುಣ್ಯ ಬರೆದುಕೊಳ್ಳುವುದು ಬೇಡ. ಸ್ವಚ್ಛ ಮಾಡಿ ಒಣಗಿಸಿದ ಪ್ಲಾಸ್ಟಿಕನ್ನು ಮನೆಬಾಗಿಲಿಗೆ ಬರುವ ಹರಿತ ಕರ್ಮ ಸೇನೆಯ ಸಹೋದರಿಯರಿಗೆ ಕೊಡಿ. ಹಿತ್ತಲಲ್ಲಿ ಸುಡುವುದು ಕಾನೂನಿಗೂ ವಿರುದ್ಧ, ಆ ರಾಶಿಯಲ್ಲಿ ಅಡಗಿದ ಜೀವಗಳಿಗೂ ಘಾತ. ಆ ಸಹೋದರಿಯರಿಗೆ ಒಂದು ಲೋಟ ನೀರು ಕೊಡಲು ಮರೆಯದಿರಿ.

ತೆರವಾದ ಜಾಗ ಮತ್ತೆ ತುಂಬದಂತೆ ನೋಡಿಕೊಳ್ಳುವುದೇ ಕೊನೆಯ ಗೆಲುವು. ಒಂದು ಹೊಸ ಸೀರೆ ಒಳಗೆ ಬಂದರೆ ಒಂದು ಸೀರೆ ಹೊರಗೆ ಹೋಗಲಿ. ಹಬ್ಬದ ರಿಯಾಯಿತಿಯಲ್ಲಿ ‘ಎರಡು ಕೊಂಡರೆ ಒಂದು ಉಚಿತ’ ಎಂದಾಗ, ನಮಗೆ ಬೇಕಾಗಿದ್ದುದು ಎಷ್ಟು ಎಂದು ಲೆಕ್ಕ ಹಾಕಿ. ಮಾರುವವರಾದ ನಮಗೆ ಆ ಗುಟ್ಟು ಗೊತ್ತಿಲ್ಲದಿಲ್ಲವಷ್ಟೆ! ಮದುವೆ, ಗೃಹಪ್ರವೇಶಗಳಲ್ಲಿ ಹೆಸರು ಕೆತ್ತಿಸಿದ ಹತ್ತನೆಯ ಸ್ಟೀಲ್ ಪಾತ್ರೆ ಕೊಡುವ ಬದಲು, ಆ ಮನೆಗೆ ಏನು ಬೇಕೆಂದು ಕೇಳಿ ಕೊಡುವ ಪದ್ಧತಿ ನಮ್ಮಲ್ಲಿ ಬೆಳೆಯಲಿ.

ನಮ್ಮ ಮಲಯಾಳಿ ನೆರೆಹೊರೆಯವರಲ್ಲಿ ಕರ್ಕಾಟಕ ಮಾಸ ಹುಟ್ಟುವ ಮುನ್ನಾದಿನ ಮನೆಯ ಮೂಲೆಮೂಲೆ ಗುಡಿಸಿ, ಮುರುಕು ಸಾಮಾನನ್ನು ಹೊರಹಾಕುವ ರೂಢಿಯಿದೆ. ನಮಗೂ ಒಂದು ಕಾಲ ನಿಗದಿಯಾಗಿಯೇ ಇದೆ. ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗಿನ ದಶಲಕ್ಷಣ ಪರ್ವದಲ್ಲಿ ಎಂಟನೆಯ ದಿನ ಉತ್ತಮ ತ್ಯಾಗ, ಒಂಬತ್ತನೆಯ ದಿನ ಉತ್ತಮ ಆಕಿಂಚನ್ಯ. ಮೊದಲು ಬಿಡುವುದು, ಅನಂತರ ‘ನನ್ನದೇನೂ ಇಲ್ಲ’ ಎಂಬ ಭಾವ; ಆ ಕ್ರಮವೇ ಎಷ್ಟು ಅರ್ಥಪೂರ್ಣ! ಪಿಂಛಿ, ಕಮಂಡಲು, ಶಾಸ್ತ್ರ ಈ ಮೂರರಲ್ಲೇ ಮುನಿಗಳ ಬಾಳು ಸಾಗುತ್ತದೆ. ನಮ್ಮಿಂದ ಅಷ್ಟು ಆಗದು. ಆದರೆ ಪರ್ವದ ಹತ್ತು ದಿನ ಹತ್ತು ಮೂಲೆ ಎಂದು ಸಂಕಲ್ಪ ಮಾಡಲು ಕಷ್ಟವೇನಿಲ್ಲ. ಅಟ್ಟ, ಮಂಚದಡಿ, ಕಪಾಟು, ಹಿತ್ತಲು, ಯಾವುದಾದರೂ ಸರಿ. ಪರ್ವಕ್ಕೆ ಕಾಯಬೇಕೆಂದೂ ಇಲ್ಲ. ಈ ಪುಟ ಓದಿ ಮುಗಿಸಿದ ಮೇಲೆ ಅಡಿಗೆಮನೆಗೆ ಹೋಗಿ ಮುಚ್ಚಳವಿಲ್ಲದ ಡಬ್ಬಗಳು ಎಷ್ಟಿವೆ ಎಂದು ಎಣಿಸಿ. ಎಷ್ಟು ಸಿಕ್ಕವು, ಎಷ್ಟನ್ನು ಬಿಟ್ಟಿರಿ ಎಂದು ನಾಲ್ಕು ಸಾಲು ಬರೆದು ಕಳುಹಿಸಿದರೆ ಉಳಿದ ಸಹೋದರಿಯರಿಗೂ ಹುಮ್ಮಸ್ಸು ಬಂದೀತು.