ಹಳಿ ಇದ್ದರೆ ಸಾಲದು, ಸಮಾಲೋಚನೆಯೂ ಬೇಕು

ಮಧ್ಯ ಕರ್ನಾಟಕದ ರೈಲು ಚರ್ಚೆಯೆಲ್ಲ ಎರಡು ಹೊಸ ಮಾರ್ಗಗಳ ಸುತ್ತಲೇ ಸುತ್ತುತ್ತಿದೆ. ಸುಮಾರು 207 ಕಿ.ಮೀ. ಉದ್ದದ ತುಮಕೂರು-ರಾಯದುರ್ಗ ಮಾರ್ಗ 2007-08ರಲ್ಲಿ ಮಂಜೂರಾದರೆ, ತುಮಕೂರು-ಚಿತ್ರದುರ್ಗ-ದಾವಣಗೆರೆ ಮಾರ್ಗ 2011-12ರಲ್ಲಿ ಮಂಜೂರಾಯಿತು. ಭೂಸ್ವಾಧೀನದ ವಿಳಂಬದ ಬಗ್ಗೆ ಸಾಕಷ್ಟು ಬರೆಯಲಾಗಿದೆ. ಆದರೆ ಇವು ಪೂರ್ಣಗೊಂಡ ಮೇಲೆ ಚಳ್ಳಕೆರೆ, ಮೊಳಕಾಲ್ಮೂರುಗಳ ಗತಿಯೇನು ಎಂಬ ಪ್ರಶ್ನೆಯನ್ನು ಯಾರೂ ಎತ್ತಿದಂತಿಲ್ಲ.

ನಕ್ಷೆಯನ್ನೊಮ್ಮೆ ನೋಡಬೇಕು. ಚಿಕ್ಕಜಾಜೂರು-ಬಳ್ಳಾರಿ ಮಾರ್ಗದಲ್ಲಿ ಈ ಎರಡು ತಾಲ್ಲೂಕುಗಳು ಚಿತ್ರದುರ್ಗ ಮತ್ತು ರಾಯದುರ್ಗಗಳ ನಡುವೆ ಬರುತ್ತವೆ. ಹೊಸ ಮಾರ್ಗಗಳಲ್ಲಿ ಒಂದು ಚಿತ್ರದುರ್ಗವನ್ನು, ಮತ್ತೊಂದು ರಾಯದುರ್ಗವನ್ನು ಮುಟ್ಟುತ್ತದೆ. ಬಳ್ಳಾರಿಯಿಂದ ಬೆಂಗಳೂರಿಗೆ ಹೊರಟ ಗಾಡಿ ರಾಯದುರ್ಗದಲ್ಲೇ ದಕ್ಷಿಣಕ್ಕೆ ತಿರುಗಬಹುದು. ದಾವಣಗೆರೆಯಿಂದ ಬಂದದ್ದು ಚಿತ್ರದುರ್ಗದಿಂದಲೇ ಇಳಿದುಹೋಗಬಹುದು. ನಡುವಿನ ಹಳಿ ಕೇವಲ ಕವಲಾಗಿ ಉಳಿಯುವ ಅಪಾಯವಿದೆ. ಇದನ್ನು ತಪ್ಪಿಸುವ ಕಾಲ ಈಗಿನದೇ ಹೊರತು ಉದ್ಘಾಟನೆಯ ನಂತರದ್ದಲ್ಲ.

ಈ ಭಾಗಕ್ಕೆ ಸಾಗಿಸಲು ಸರಕಿಲ್ಲವೆಂದು ಹೇಳುವಂತಿಲ್ಲ. ಶೇಂಗಾ ಎಣ್ಣೆಯ ವಹಿವಾಟಿನಿಂದ ಚಳ್ಳಕೆರೆ ಎಣ್ಣೆನಗರಿಯೆಂದು ಹೆಸರಾಯಿತು. 1990ರ ದಶಕದಲ್ಲಿ ಖಾದ್ಯತೈಲದ ಆಮದು ಮುಕ್ತವಾದ ಮೇಲೆ ಅಗ್ಗದ ತಾಳೆ ಎಣ್ಣೆಯೊಡನೆ ಸೆಣಸಬೇಕಾದ ಗಿರಣಿಗಳಿಗೆ ಸಾಗಣೆ ವೆಚ್ಚದ ಒಂದೊಂದು ರೂಪಾಯಿಯೂ ಮುಖ್ಯ. ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ ಹೊರ ಊರಿನ ಗ್ರಾಹಕರೇ ಆಧಾರ. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿದೆ. ಸಮೀಪದಲ್ಲೇ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ಕೇಂದ್ರ 2017ರಲ್ಲಿ ಆರಂಭವಾಯಿತು.

ಅರ್ಥಶಾಸ್ತ್ರದಲ್ಲಿ ಇಂಥ ಸ್ಥಿತಿಗೆ ಹೊಂದಾಣಿಕೆಯ ವೈಫಲ್ಯವೆನ್ನುತ್ತಾರೆ. ಸರಕು ಬಾರದೆ ರೈಲ್ವೆ ಸೌಲಭ್ಯ ಕೊಡದು. ಸೌಲಭ್ಯವಿಲ್ಲದೆ ವರ್ತಕ ಲಾರಿಯನ್ನು ಬಿಡನು. ಬಸ್ಸಿನ ವೇಳೆಯನ್ನು ರೈಲಿನ ವೇಳೆಯೊಡನೆ ಹೊಂದಿಸುವ ಹೊಣೆ ಯಾರಿಗೂ ಇಲ್ಲ. ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿಯುಳ್ಳ ನೈಋತ್ಯ ರೈಲ್ವೆ, ಅದರ ವಿಭಾಗೀಯ ಕಚೇರಿಗಳು, ರಾಜ್ಯ ಸರ್ಕಾರ, ಗಡಿಯಾಚೆಯ ಆಂಧ್ರದ ರಾಯದುರ್ಗ: ಎಲ್ಲರೂ ತಂತಮ್ಮ ಮಟ್ಟಿಗೆ ಸರಿಯೇ. ಆದರೂ ಒಟ್ಟು ಫಲ ಸೊನ್ನೆ.

ಯುರೋಪಿನ ಸಮಸ್ಯೆ ಇದಕ್ಕಿಂತ ಜಟಿಲವಾಗಿತ್ತು. ದೇಶಕ್ಕೊಂದು ಸಿಗ್ನಲ್ ವ್ಯವಸ್ಥೆ, ದೇಶಕ್ಕೊಂದು ನಿಯಮ. 2001ರಲ್ಲಿ ಅಲ್ಲಿ ರೈಲ್ವೆ ಸಂಶೋಧನಾ ಸಲಹಾ ಮಂಡಳಿಯನ್ನು ರಚಿಸಿ ಸರ್ಕಾರಗಳು, ರೈಲು ನಡೆಸುವವರು, ಗಾಡಿ ತಯಾರಕರು, ಬಳಕೆದಾರರನ್ನು ಒಂದೇ ಮೇಜಿಗೆ ಕರೆತಂದರು. 2014ರ ಜಂಟಿ ಯೋಜನೆಯಲ್ಲಿ ಉದ್ಯಮವೂ ತನ್ನ ಪಾಲಿನ ಹಣ ಹಾಕಿತು. ಮೇಜಿಗೆ ಬಂದವನು ಬೇಡಿಕೆಯೊಡನೆ ಹೊಣೆಯನ್ನೂ ತರಬೇಕೆಂಬುದೇ ಇಲ್ಲಿನ ಪಾಠ.

ನಮ್ಮಲ್ಲಿಯೂ ರೈಲು ಬಳಕೆದಾರರ ಸಲಹಾ ಸಮಿತಿಗಳಿವೆಯಲ್ಲ ಎನ್ನಬಹುದು. ಅವು ಅಹವಾಲು ಸಲ್ಲಿಸುವ ವೇದಿಕೆಗಳು. ಸರಕಿನ ಭರವಸೆಯನ್ನಾಗಲಿ ಬಸ್ಸನ್ನಾಗಲಿ ಕೊಡಲಾರವು. ಚಿತ್ರದುರ್ಗದ ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ರೈಲ್ವೆ, ರಸ್ತೆ ಸಾರಿಗೆ ನಿಗಮ, ಕೃಷಿ ಮಾರುಕಟ್ಟೆ ಸಮಿತಿ, ಗಿರಣಿ ಮಾಲೀಕರು, ನೇಕಾರರು, ವಿಜ್ಞಾನ ಸಂಸ್ಥೆಗಳು ಮೂರು ತಿಂಗಳಿಗೊಮ್ಮೆ ಕೂಡಲಿ, ರಾಯದುರ್ಗದವರಿಗೂ ಆಹ್ವಾನವಿರಲಿ. ವರ್ತಕರು ವರ್ಷಕ್ಕೆ ಎಷ್ಟು ಸರಕು ಕೊಡುವೆವೆಂದು ಬರೆದುಕೊಡಲಿ. ರೈಲ್ವೆ ಅದಕ್ಕೆ ತಕ್ಕ ಸೌಲಭ್ಯದ ಗಡುವು ಹೇಳಲಿ. ಹೊಸ ಮಾರ್ಗಗಳ ವೇಳಾಪಟ್ಟಿಯಲ್ಲಿ ಚಳ್ಳಕೆರೆಯ ಮೂಲಕ ಹಾಯುವ ಬೆಂಗಳೂರು ಗಾಡಿಯೊಂದು ಇರಬೇಕೆಂಬುದು ಮೊದಲ ನಿರ್ಣಯವಾಗಲಿ. ನಡಾವಳಿ ಸಾರ್ವಜನಿಕರಿಗೆ ದೊರೆಯಲಿ.

ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ದೊಡ್ಡ ಅನುದಾನವೂ ಬೇಕಿಲ್ಲ. ಸಭೆಯ ನೋಟಿಸು ಹೊರಡಿಸಿದರೆ ಸಾಕು.